ಜಿಪಿಯು ಲೆಕ್ಕ ಸಿಕ್ಕಿತು, ಅವುಗಳ ನಡುವಿನ ದಾರಿ ಯಾರದು?

38,000ಕ್ಕೂ ಹೆಚ್ಚು ಜಿಪಿಯು. ಗಂಟೆಗೆ ಸುಮಾರು 65 ರೂಪಾಯಿ ಬಾಡಿಗೆ. ಭಾರತದ ಎಐ ಸಿದ್ಧತೆಯ ಬಗ್ಗೆ ಕೇಂದ್ರ ಸರ್ಕಾರ ಮಾತಾಡುವಾಗಲೆಲ್ಲ ಮೊದಲು ಬರುವ ಎರಡು ಸಂಖ್ಯೆಗಳು ಇವು. 2024ರ ಮಾರ್ಚ್‌ನಲ್ಲಿ ಸಚಿವ ಸಂಪುಟ ಒಪ್ಪಿದ ಇಂಡಿಯಾ ಎಐ ಮಿಷನ್‌ಗೆ ಐದು ವರ್ಷಕ್ಕೆಂದು ಇಟ್ಟ ಹಣ ಸುಮಾರು 10,372 ಕೋಟಿ ರೂಪಾಯಿ. ಆಗಿನ ಗುರಿ 10,000 ಜಿಪಿಯು. ಅದನ್ನು ಯಾವತ್ತೋ ದಾಟಿದ್ದೇವೆ. ಸಂತೋಷವೇ. ಸರ್ಕಾರವನ್ನು ಟೀಕಿಸುವವರೂ ಇದೇ ತಕ್ಕಡಿ ಹಿಡಿದು ಕೂತಿದ್ದಾರೆ: ಅಮೆರಿಕದ ಒಂದೊಂದು ಕಂಪನಿಯ ಹತ್ತಿರವೇ ಲಕ್ಷಗಟ್ಟಲೆ ಇರುವಾಗ ನಮ್ಮಲ್ಲೇಕೆ ಇಷ್ಟೇ?

ಹೊಗಳುವವರೂ ತೆಗಳುವವರೂ ಸೇರಿ ತಲೆ ಎಣಿಸುತ್ತಿದ್ದಾರೆ. ಈ ಸಾವಿರಾರು ಚಿಪ್‌ಗಳು ಒಂದರ ಜೊತೆ ಇನ್ನೊಂದು ಹೇಗೆ ಮಾತಾಡುತ್ತವೆ, ಆ ಮಾತಿನ ದಾರಿ ಯಾರ ಕೈಯಲ್ಲಿದೆ ಎಂದು ಕೇಳುವವರು ಕಾಣುತ್ತಿಲ್ಲ. ನನ್ನ ಪ್ರಕಾರ ಎಐ ಯುಗದ ಸ್ವಾವಲಂಬನೆಯ ನಿಜವಾದ ಜಗಳ ಇರುವುದು ಅಲ್ಲಿ. ನನಗೆ ಇದು ಮೊದಲು ತೋಚಲು ಕಾರಣವೂ ಇದೆ. ಪತ್ರಿಕೋದ್ಯಮಕ್ಕೆ ಬರುವ ಮುಂಚೆ ಹೊಟ್ಟೆಪಾಡಿಗೆ ನಾನು ಮಾಡುತ್ತಿದ್ದದ್ದು ಅದೇ ಕೆಲಸ.

ಬಸ್ಸಿಗೆ ಡ್ರೈವರ್ ಬರೆಯುವ ಕೆಲಸ

ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಚಿಪ್ ಕಂಪನಿ ಸೇರಿದ ಹೊಸತರಲ್ಲಿ ಅಮ್ಮ ಫೋನ್ ಮಾಡಿ ಕೇಳಿದ್ದಳು, "ಅಲ್ಲಿ ಏನು ಕೆಲಸ ನಿಂದು?" "ಬಸ್ಸಿಗೆ ಡ್ರೈವರ್ ಬರೆಯೋದಮ್ಮಾ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಅದಕ್ಕೆ ನಾಲ್ಕು ವರ್ಷ ಓದಬೇಕಿತ್ತಾ? ನಿಮ್ಮ ಮಾವ ಎಸ್ಸೆಸ್ಸೆಲ್ಸಿ ಮಾಡ್ಕೊಂಡೇ ಕೆಎಸ್ಸಾರ್ಟಿಸೀಲಿ ಡ್ರೈವರ್ ಆದ್ನಲ್ಲ!"

ಅಮ್ಮನಿಗೆ ಹೇಳಿದಂತೆಯೇ ನಿಮಗೂ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಬಸ್ ಅಂದರೆ ಒಂದು ಚಿಪ್‌ನಿಂದ ಇನ್ನೊಂದು ಚಿಪ್‌ಗೆ ಡೇಟಾ ಓಡಾಡುವ ರಸ್ತೆ, ಜೊತೆಗೆ ಆ ರಸ್ತೆಯ ಸಂಚಾರ ನಿಯಮ. ಕರ್ನಲ್ ಅಂದರೆ ಲಿನಕ್ಸ್, ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಯಂತ್ರದ ಮೆಮೊರಿ, ಪ್ರೊಸೆಸರ್ ಎಲ್ಲದರ ಮೇಲೂ ಅದರದೇ ಯಜಮಾನಿಕೆ. ಡ್ರೈವರ್ ಅಂದರೆ ಈ ಕರ್ನಲ್‌ನೊಳಗೆ ಕೂತು, ಒಂದು ನಿರ್ದಿಷ್ಟ ಹಾರ್ಡ್‌ವೇರ್‌ನ ಭಾಷೆ ಬಲ್ಲ ದುಭಾಷಿ.

ಯಂತ್ರ ಆನ್ ಆದಾಗ ಕರ್ನಲ್ ಬಸ್ಸಿನ ಮೇಲೆ ಹಾಜರಿ ತೆಗೆದುಕೊಳ್ಳುತ್ತದೆ. ಪ್ರತಿ ಸಾಧನವೂ ತನ್ನ ಕಂಪನಿಯ ಸಂಖ್ಯೆ, ತನ್ನ ಮಾದರಿಯ ಸಂಖ್ಯೆ ಹೇಳುತ್ತದೆ. ಆ ಸಂಖ್ಯೆಗೆ ಹೊಂದುವ ಡ್ರೈವರ್ ಯಾವುದೆಂದು ಹುಡುಕಿ, ಕರ್ನಲ್ ಅದನ್ನು ಎಬ್ಬಿಸುತ್ತದೆ. ಅಲ್ಲಿಂದ ಮುಂದಿನದೆಲ್ಲ ಡ್ರೈವರ್ ಪಾಲು: ಸಾಧನದ ರಿಜಿಸ್ಟರ್‌ಗಳನ್ನು ಮೆಮೊರಿಗೆ ಹೊಂದಿಸುವುದು, ಅದು ಕೂಗಿದಾಗ ಓಗೊಡುವುದು, ಪ್ರೊಸೆಸರ್‌ಗೆ ತೊಂದರೆ ಕೊಡದೆ ನೇರವಾಗಿ ಡೇಟಾ ಸಾಗಿಸಲು ಜಾಗ ಮಾಡಿಕೊಡುವುದು, ಲಿಂಕ್ ಕಡಿದರೆ ಮತ್ತೆ ಕಟ್ಟುವುದು. ಕರ್ನಲ್‌ನೊಳಗೆ ಇರುವುದರಿಂದ ಇಲ್ಲಿ ತಪ್ಪಿಗೆ ಕ್ಷಮೆ ಕಡಿಮೆ. ಒಂದು ಆಪ್ ಕೆಟ್ಟರೆ ಆ ಆಪ್ ಮಾತ್ರ ಸಾಯುತ್ತದೆ, ಡ್ರೈವರ್ ಕೆಟ್ಟರೆ ಇಡೀ ಯಂತ್ರ ಮಲಗುತ್ತದೆ. 2024ರ ಜುಲೈ 19 ನೆನಪಿದೆಯಲ್ಲ? ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ಡ್ರೈವರ್‌ಗೆ ಹೋದ ಒಂದು ಕೆಟ್ಟ ಫೈಲಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ತಿರುಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟದ್ದು ಆ ದಿನ.

ಇನ್ನು ರಸ್ತೆಗಳಲ್ಲಿ ಎರಡು ಬಗೆ. ಪಿಸಿಐ ಎಕ್ಸ್‌ಪ್ರೆಸ್ ರಾಜ್ಯ ಹೆದ್ದಾರಿ ಇದ್ದ ಹಾಗೆ. ನೂರಾರು ಕಂಪನಿಗಳು ಸೇರಿದ ಒಂದು ಕೂಟ ಅದರ ನಿಯಮ ಬರೆಯುತ್ತದೆ. ಕೂಟ ಸೇರುವ ಯಾವ ಕಂಪನಿಗೂ ನಿಯಮಪುಸ್ತಕ ಸಿಗುತ್ತದೆ. ಇನ್ನೊಂದು ಬಗೆ, ಕಾಫಿ ಎಸ್ಟೇಟಿನ ಒಳರಸ್ತೆ. ಗೇಟು ಮಾಲೀಕನದು, ಬೀಗವೂ ಮಾಲೀಕನದು. ಒಳಗೆ ತಿರುವು ಎಲ್ಲಿದೆ, ಹಳ್ಳ ಎಲ್ಲಿದೆ ಅಂತ ಅವನು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಾನು ಡ್ರೈವರ್ ಬರೆಯುತ್ತಿದ್ದದ್ದು ಇಂಥದ್ದೇ ಒಂದು ಎಸ್ಟೇಟ್ ರಸ್ತೆಗೆ. ದಾಖಲೆಯ ಪಿಡಿಎಫ್‌ನ ಪ್ರತಿ ಪುಟದ ಮೇಲೂ ಓರೆಯಾಗಿ ನನ್ನ ಹೆಸರು, ಉದ್ಯೋಗಿ ಸಂಖ್ಯೆ ಅಚ್ಚಾಗಿರುತ್ತಿತ್ತು, ಸೋರಿದರೆ ಸಿಕ್ಕಿಬೀಳಲಿ ಅಂತ. ಅದರಲ್ಲೂ ಅರ್ಧ ರಿಜಿಸ್ಟರ್‌ಗಳ ಮುಂದೆ 'ಕಾಯ್ದಿರಿಸಲಾಗಿದೆ' ಎಂದಷ್ಟೇ ಇರುತ್ತಿತ್ತು. ಒಂದು ಸಲ ರಾತ್ರಿಯಿಡೀ ಆಫ್ ಇಟ್ಟ ಬೋರ್ಡು ಬೆಳಗ್ಗೆ ಆನ್ ಮಾಡಿದರೆ ಲಿಂಕ್ ಏಳುತ್ತಿರಲಿಲ್ಲ. ಎರಡನೇ ಸಲ ಆನ್ ಮಾಡಿದರೆ ಸರಿ. ಮೂರು ವಾರ ಲಾಗ್‌ಗಳನ್ನು ಅಗೆದೆ. ಕೊನೆಗೆ ಸಾಗರದಾಚೆಯ ಮುಖ್ಯ ಕಚೇರಿಗೆ ಮೇಲ್ ಹಾಕಿದೆ. ಎರಡು ದಿನ ಬಿಟ್ಟು ಒಂದು ಸಾಲಿನ ಉತ್ತರ ಬಂತು: ಇಂಥ ವಿಳಾಸಕ್ಕೆ 3 ಬರೆದು 10 ಮಿಲಿಸೆಕೆಂಡ್ ಕಾಯಿರಿ. ಬರೆದೆ, ಕಾದೆ, ಲಿಂಕ್ ಎದ್ದಿತು. ಏಕೆ 3, ಏಕೆ 10 ಎಂದು ಕೇಳಿದ್ದಕ್ಕೆ ಅದು ನಿಮ್ಮ ಕೆಲಸಕ್ಕೆ ಬೇಕಾದ ಮಾಹಿತಿ ಅಲ್ಲ ಎಂಬ ಉತ್ತರ.

ಆ ಡ್ರೈವರ್‌ನಲ್ಲಿ ಸಾವಿರಾರು ಸಾಲು ನನ್ನವು. ಕೆಲಸ ಬಿಟ್ಟ ದಿನ ಸಂಜೆ ಆರಕ್ಕೆ ನನ್ನ ಲಾಗಿನ್ ನಿಂತಿತು. ಅಲ್ಲಿ ಕಲಿತದ್ದರಲ್ಲಿ ಬಹುಪಾಲನ್ನು ನಾನು ಇನ್ನೊಬ್ಬರಿಗೆ ಕಲಿಸುವ ಹಾಗಿಲ್ಲ, ಸಹಿ ಹಾಕಿಕೊಟ್ಟಿದ್ದೇನೆ. ನನ್ನದೊಬ್ಬರದೇ ಕತೆಯಲ್ಲ ಇದು. ಮಾರತಹಳ್ಳಿಯಿಂದ ವೈಟ್‌ಫೀಲ್ಡ್‌ವರೆಗಿನ ಗಾಜಿನ ಕಟ್ಟಡಗಳಲ್ಲಿ ಜಗತ್ತಿನ ಬಹುತೇಕ ದೊಡ್ಡ ಚಿಪ್ ಕಂಪನಿಗಳ ಡ್ರೈವರ್ ತಂಡಗಳಿವೆ. ಬೆವರು ನಮ್ಮದು. ಬೀಗದ ಕೈ ಮಾತ್ರ ಎಂದೂ ನಮ್ಮ ಕೈಗೆ ಬಂದಿಲ್ಲ.

ಎನ್‌ವಿಲಿಂಕ್ ಎಂಬ ಎಸ್ಟೇಟ್ ರಸ್ತೆ

ಈಗ ಎಐಗೆ ಬರೋಣ. ಎನ್‌ವಿಡಿಯಾದ ಎಚ್100 ಕಾರ್ಡಿನಲ್ಲಿ 80 ಜಿಬಿ ಮೆಮೊರಿ ಇರುತ್ತದೆ. 7,000 ಕೋಟಿ ಪ್ಯಾರಾಮೀಟರ್‌ಗಳ ಒಂದು ಭಾಷಾ ಮಾಡೆಲ್‌ಅನ್ನು 16 ಬಿಟ್ ರೂಪದಲ್ಲಿ ಸುಮ್ಮನೆ ಇಟ್ಟುಕೊಳ್ಳಲು ಬೇಕಾಗುವುದು 140 ಜಿಬಿ. ತರಬೇತಿಗೆ ಅದರ ಎಷ್ಟೋ ಪಟ್ಟು. ಅಂದರೆ ಒಂದು ಕಾರ್ಡಿನಿಂದ ಏನೂ ಆಗದು. ನೂರಾರು, ಸಾವಿರಾರು ಕಾರ್ಡುಗಳು ಕೆಲಸ ಹಂಚಿಕೊಂಡು, ಪ್ರತಿ ಹೆಜ್ಜೆಯಲ್ಲೂ ತಮ್ಮ ಲೆಕ್ಕ ಒಂದಕ್ಕೊಂದು ಒಪ್ಪಿಸಬೇಕು. ದಾರಿ ಕಿರಿದಾದರೆ ಲಕ್ಷಾಂತರ ರೂಪಾಯಿಯ ಕಾರ್ಡು ಕೈಕಟ್ಟಿ ಕೂತಿರುತ್ತದೆ.

ಹೆದ್ದಾರಿ, ಅಂದರೆ ಐದನೇ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್, ಎರಡೂ ದಿಕ್ಕು ಸೇರಿ ಸೆಕೆಂಡಿಗೆ ಸುಮಾರು 128 ಜಿಬಿ ಸಾಗಿಸಬಲ್ಲದು. ಎನ್‌ವಿಡಿಯಾದ ಸ್ವಂತ ರಸ್ತೆಯಾದ ಎನ್‌ವಿಲಿಂಕ್ ಎಚ್100ರಲ್ಲಿ ಸಾಗಿಸುವುದು ಸೆಕೆಂಡಿಗೆ 900 ಜಿಬಿ. ಏಳು ಪಟ್ಟು! ಜನ ಎನ್‌ವಿಡಿಯಾದ ಹಿಂದೆ ಬೀಳಲು ಚಿಪ್‌ನ ವೇಗದಷ್ಟೇ ದೊಡ್ಡ ಕಾರಣ ಈ ರಸ್ತೆ. ಎಂಟು ಕಾರ್ಡುಗಳಿರುವ ಸರ್ವರ್‌ನಲ್ಲಿ ಎನ್‌ವಿಲಿಂಕ್‌ಗಳೆಲ್ಲ ಹೋಗಿ ಸೇರುವ ಜಂಕ್ಷನ್ ಎನ್‌ವಿಸ್ವಿಚ್. ಆ ಜಂಕ್ಷನ್ನಿನಲ್ಲಿ ಯಾರು ಯಾವ ಕಡೆ ಹೋಗಬೇಕೆಂದು ಗೊತ್ತುಮಾಡುವುದು ಫ್ಯಾಬ್ರಿಕ್ ಮ್ಯಾನೇಜರ್ ಎಂಬ ಎನ್‌ವಿಡಿಯಾದ್ದೇ ತಂತ್ರಾಂಶ. ಅದು ಓಡದಿದ್ದರೆ, ಎಂಟೂ ಕಾರ್ಡು ಸರಿ ಇದ್ದರೂ, ಆ ಸರ್ವರ್‌ನಲ್ಲಿ ಕೂಡಾ ಪ್ರೋಗ್ರಾಂ ಶುರುವಾಗುವುದಿಲ್ಲ. ಕೋಟಿಗಟ್ಟಲೆ ಹಣದ ಪೆಟ್ಟಿಗೆ ಕೊಂಡವರಿಗೆ ಗೇಟಿನ ಕಾವಲುಗಾರನನ್ನು ಬದಲಿಸುವ ಅಧಿಕಾರ ಇಲ್ಲ.

ಲಿನಕ್ಸ್ ಕಿತ್ತು ಹಾಕಿದ ಕೋಡ್

ಈ ಗೇಟಿನ ಮುಂದೆ ಜಗತ್ತಿನ ಅತಿ ವೇಗದ ಕಂಪ್ಯೂಟರ್ ಕೂಡ ನಿಂತದ್ದುಂಟು. 2018ರ ಜೂನ್‌ನಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ಸಮ್ಮಿಟ್ ಸೂಪರ್ ಕಂಪ್ಯೂಟರ್ ಜಗತ್ತಿನ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇರಿತು. 4,608 ನೋಡ್‌ಗಳು, ಪ್ರತಿಯೊಂದರಲ್ಲೂ ಐಬಿಎಂನ ಎರಡು ಪವರ್9 ಪ್ರೊಸೆಸರ್, ಎನ್‌ವಿಡಿಯಾದ ಆರು ವೋಲ್ಟಾ ಜಿಪಿಯು. ಜಿಪಿಯುಗಳು ಮಾತ್ರವಲ್ಲ, ಪ್ರೊಸೆಸರ್ ಮತ್ತು ಜಿಪಿಯು ನಡುವೆಯೂ ಎನ್‌ವಿಲಿಂಕ್. ಅದಕ್ಕಾಗಿ ಲಿನಕ್ಸ್ ಕರ್ನಲ್‌ನ ಪವರ್‌ಪಿಸಿ ಭಾಗದಲ್ಲಿ ಎನ್‌ವಿಲಿಂಕ್‌ಗೆ ಬೇಕಾದ ಕೋಡ್ ಸೇರಿಸಲಾಗಿತ್ತು.

ತೊಡಕು ಏನೆಂದರೆ, ಆ ಕೋಡ್‌ಅನ್ನು ಬಳಸುತ್ತಿದ್ದದ್ದು ಎನ್‌ವಿಡಿಯಾದ ಮುಚ್ಚಿದ ಡ್ರೈವರ್ ಮಾತ್ರ. ಲಿನಕ್ಸ್ ಎಲ್ಲರ ಶ್ರಮದಿಂದ ನಡೆಯುವ ಊರಕೆರೆ. ಅದರ ಪರವಾನಗಿಯ ಷರತ್ತು ಸರಳ: ಇಲ್ಲಿಂದ ತೆಗೆದುಕೊಂಡು ಕಟ್ಟಿದ್ದನ್ನು ಹಂಚುವುದಾದರೆ ಅದೇ ಷರತ್ತಿನ ಮೇಲೆ ತೆರೆದು ಹಂಚಬೇಕು. ಎಸ್ಟೇಟಿಗೆ ಮಾತ್ರ ನೀರು ಹರಿಸುವ ಕಾಲುವೆಯ ಹೂಳನ್ನು ಊರಿನವರೇಕೆ ಎತ್ತಬೇಕು? ಕರ್ನಲ್‌ನ ಹಿರಿಯ ಡೆವಲಪರ್ ಕ್ರಿಸ್ಟೋಫ್ ಹೆಲ್ವಿಗ್ ಎತ್ತಿದ ಆಕ್ಷೇಪದ ಸಾರ ಇದು. 2019ರಲ್ಲಿ ಒಂದಿಷ್ಟು, 2021ರಲ್ಲಿ ಉಳಿದ ಎನ್‌ವಿಲಿಂಕ್ ಕೋಡ್‌ಅನ್ನು ಕರ್ನಲ್‌ನಿಂದ ಕಿತ್ತು ಹಾಕಲಾಯಿತು. ಸಮ್ಮಿಟ್ ಇನ್ನೂ ಓಡುತ್ತಿತ್ತು! ರೆಡ್ ಹ್ಯಾಟ್ ವಿತರಿಸುವ ಹಳೆಯ ಕರ್ನಲ್ ಮೇಲಿದ್ದುದರಿಂದ ಅದೇನೂ ನಿಲ್ಲಲಿಲ್ಲ, 2024ರ ನವೆಂಬರ್‌ವರೆಗೂ ಕೆಲಸ ಮಾಡಿತು. ಆದರೆ ಅಂಥದೇ ಪವರ್9 ಯಂತ್ರ ಕೊಂಡವರಿಗೆ ಎನ್‌ವಿಲಿಂಕ್ ಉಳಿಸಿಕೊಂಡು ಲಿನಕ್ಸ್‌ನ ಹೊಸ ಮುಖ್ಯ ಕರ್ನಲ್‌ಗೆ ಹೋಗುವ ದಾರಿ ಮುಚ್ಚಿತು.

ಹೆಲ್ವಿಗ್ ಮಾಡಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ನನಗೆ ಇಲ್ಲಿ ಕಾಣುವುದು ಇಷ್ಟು: ಅಮೆರಿಕದ ಇಂಧನ ಇಲಾಖೆಯ ತೆರಿಗೆ ಹಣದ ಯಂತ್ರವಾದರೂ, ಜಗತ್ತಿಗೇ ಒಂದನೇ ನಂಬರ್ ಆದರೂ, ಬಸ್ಸಿನ ಡ್ರೈವರ್ ಮುಚ್ಚಿದ್ದರೆ ಅದರ ಭವಿಷ್ಯ ಮಾಲೀಕ ಕಂಪನಿಯ ಮರ್ಜಿಯಲ್ಲಿರುತ್ತದೆ.

2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಲಿನಸ್ ಟೊರ್ವಾಲ್ಡ್ಸ್ ಕ್ಯಾಮೆರಾದತ್ತ ತಿರುಗಿ ಎನ್‌ವಿಡಿಯಾಗೆ ಬೆರಳು ತೋರಿಸಿದ ವಿಡಿಯೊ ನೀವು ನೋಡಿರಬಹುದು. ಹತ್ತು ವರ್ಷದ ನಂತರ, 2022ರ ಮೇನಲ್ಲಿ, ಎನ್‌ವಿಡಿಯಾ ತನ್ನ ಜಿಪಿಯು ಕರ್ನಲ್ ಮಾಡ್ಯೂಲ್‌ಗಳ ಮೂಲ ಕೋಡ್ ತೆರೆಯಿತು. ಚಪ್ಪಾಳೆ ಬಿತ್ತು, ನಾನೂ ತಟ್ಟಿದೆ. ಆಮೇಲೆ ಒಳಗೆ ಹೊಕ್ಕು ನೋಡಿದರೆ, ಹಳೆಯ ಡ್ರೈವರ್ ಮಾಡುತ್ತಿದ್ದ ಕೆಲಸದ ದೊಡ್ಡ ಪಾಲು ಕಾರ್ಡಿನ ಒಳಗಿನ ಜಿಎಸ್‌ಪಿ ಎಂಬ ಪುಟ್ಟ ಪ್ರೊಸೆಸರ್‌ನ ಫರ್ಮ್‌ವೇರ್‌ಗೆ ಸ್ಥಳಾಂತರವಾಗಿತ್ತು. ಆ ಫರ್ಮ್‌ವೇರ್ ಮುಚ್ಚಿದ್ದು, ಅದಕ್ಕೆ ಎನ್‌ವಿಡಿಯಾದ ಡಿಜಿಟಲ್ ಸಹಿ ಬೇರೆ. ಬಾಗಿಲು ತೆರೆದರು ನಿಜ, ತಿಜೋರಿಯನ್ನು ಮಾತ್ರ ಒಳಕೋಣೆಗೆ ಸಾಗಿಸಿ ಆಗಿತ್ತು. ಆ ಫರ್ಮ್‌ವೇರ್ ಜೊತೆಗೇ ಮಾತಾಡುವ ನೋವಾ ಎಂಬ ಹೊಸ ಡ್ರೈವರ್‌ಅನ್ನು ಸಮುದಾಯದವರು ರಸ್ಟ್ ಭಾಷೆಯಲ್ಲಿ ಕಟ್ಟುತ್ತಿದ್ದಾರೆ. ಅದರ ಮೊದಲ ಇಟ್ಟಿಗೆ 2025ರಲ್ಲಿ ಕರ್ನಲ್ ಸೇರಿದೆ.

ಸ್ವಂತ ಬಸ್ ಕಟ್ಟುವವರೆಲ್ಲ ಹೀಗೇ ಮಾಡಲೇಬೇಕೆಂದಿಲ್ಲ. ಎಎಂಡಿಯ ಜಿಪಿಯುಗಳ ನಡುವಿನ ಲಿಂಕ್ ಕೂಡ ಅದರ ಸ್ವಂತದ್ದೇ. ಫರ್ಮ್‌ವೇರ್ ಅಲ್ಲೂ ಮುಚ್ಚಿದ್ದೇ. ಆದರೆ ಆ ಲಿಂಕ್ ನಡೆಸುವ ಡ್ರೈವರ್ ಲಿನಕ್ಸ್‌ನ ಮುಖ್ಯ ಕೋಡ್‌ನೊಳಗೇ ಇದೆ, ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಇನ್ನೂ ಹಳೆಯ ಉದಾಹರಣೆ ಬೇಕೆ? ಮೈಕ್ರೋಸಾಫ್ಟ್‌ನ ಹೈಪರ್-ವಿ ವರ್ಚುವಲ್ ಯಂತ್ರಗಳು ವಿಎಂಬಸ್ ಎಂಬ ಅದರದೇ ವರ್ಚುವಲ್ ಬಸ್ ಬಳಸುತ್ತವೆ. ಅದರ ಲಿನಕ್ಸ್ ಡ್ರೈವರ್‌ನಲ್ಲಿ ಮುಕ್ತ ಪರವಾನಗಿಯ ಕೋಡ್‌ಅನ್ನು ಮುಚ್ಚಿದ ಕೋಡ್ ಜೊತೆ ಬೆರೆಸಿರುವುದನ್ನು ಒಬ್ಬ ಡೆವಲಪರ್ ಪತ್ತೆಹಚ್ಚಿದರು. 2009ರ ಜುಲೈನಲ್ಲಿ ಮೈಕ್ರೋಸಾಫ್ಟ್ ಸುಮಾರು 20,000 ಸಾಲು ಕೋಡ್‌ಅನ್ನು ಲಿನಕ್ಸ್‌ಗೆ ಒಪ್ಪಿಸಿತು. ಲಿನಕ್ಸ್‌ಅನ್ನು ಹೆಜ್ಜೆಹೆಜ್ಜೆಗೂ ವಿರೋಧಿಸಿಕೊಂಡು ಬಂದಿದ್ದ ಕಂಪನಿ ಅದು. ನಿಯಮ ಗಟ್ಟಿಯಾಗಿದ್ದರೆ, ಅದನ್ನು ಹಿಡಿದು ಕೇಳುವವರಿದ್ದರೆ, ದೈತ್ಯರೂ ಬಗ್ಗುತ್ತಾರೆ.

ಗಡಿರೇಖೆಯಾದ 600 ಜಿಬಿ

ಇದೆಲ್ಲ ಕೋಡ್ ಬರೆಯುವವರ ಒಳಜಗಳ, ರಾಜಕಾರಣಕ್ಕೂ ಇದಕ್ಕೂ ಏನು ಸಂಬಂಧ ಎನ್ನುವವರಿಗೆ 2022ರ ಅಕ್ಟೋಬರ್ 7ರ ಅಮೆರಿಕದ ರಫ್ತು ನಿಯಮ ತೋರಿಸಬೇಕು. ಚೀನಾಕ್ಕೆ ಯಾವ ಚಿಪ್ ಹೋಗಬಾರದು ಎಂದು ಗೆರೆ ಎಳೆದಾಗ ವಾಷಿಂಗ್ಟನ್ ಎರಡು ಅಳತೆ ಇಟ್ಟಿತು. ಒಂದು, ಲೆಕ್ಕ ಮಾಡುವ ವೇಗ. ಇನ್ನೊಂದು, ಚಿಪ್‌ನಿಂದ ಚಿಪ್‌ಗೆ ಡೇಟಾ ಸಾಗುವ ವೇಗ: ಸೆಕೆಂಡಿಗೆ 600 ಜಿಬಿ. ಎರಡನ್ನೂ ಮುಟ್ಟಿದ ಚಿಪ್‌ಗೆ ತಡೆ.

ಎನ್‌ವಿಡಿಯಾ ಏನು ಮಾಡಿತು? ಚಿಪ್‌ನ ಮಿದುಳಿಗೆ ಹೆಚ್ಚು ಕೈಹಾಕದೆ ರಸ್ತೆ ಕಿರಿದು ಮಾಡಿತು. ಎ100ರ ಎನ್‌ವಿಲಿಂಕ್‌ಅನ್ನು 600ರಿಂದ 400ಕ್ಕೆ ಇಳಿಸಿ ಎ800 ಎಂದು ಹೆಸರಿಟ್ಟಿತು. ಮುಂದೆ ಎಚ್100ರದ್ದನ್ನು 900ರಿಂದ 400ಕ್ಕೆ ಇಳಿಸಿ ಎಚ್800 ಮಾಡಿ ಚೀನಾಕ್ಕೆ ಮಾರಿತು. ಕಾರ್ಡು ಎಣಿಸುವವರ ಪಟ್ಟಿಯಲ್ಲಿ ಎಚ್100, ಎಚ್800 ಎರಡೂ ಒಂದೊಂದು ಕಾರ್ಡೇ. ಮಾಡೆಲ್ ತರಬೇತಿ ಮಾಡುವವರಿಗೆ ಮಾತ್ರ ವ್ಯತ್ಯಾಸ ಗೊತ್ತು. 2023ರ ಅಕ್ಟೋಬರ್‌ನಲ್ಲಿ ಅಮೆರಿಕ ಅಳತೆಯನ್ನೇ ಬದಲಿಸಿ ಈ ಎರಡನ್ನೂ ತಡೆಯಿತು.

ಅಷ್ಟರಲ್ಲಿ ಡೀಪ್‌ಸೀಕ್ ಎಚ್800 ಕೊಂಡಾಗಿತ್ತು. 2024ರ ಡಿಸೆಂಬರ್‌ನಲ್ಲಿ ಬಂದ ಅದರ ವಿ3 ಮಾಡೆಲ್‌ನ ತಾಂತ್ರಿಕ ವರದಿಯನ್ನು ರಾಜಕೀಯ ಓದುಗರೂ ಒಮ್ಮೆ ತಿರುವಿ ಹಾಕಬೇಕು. 2,048 ಎಚ್800 ಕಾರ್ಡುಗಳ ಮೇಲೆ ತರಬೇತಿ. ಕಿರಿದಾದ ರಸ್ತೆಯಲ್ಲಿ ಸಂಚಾರ ನಿಭಾಯಿಸಲು ಪ್ರತಿ ಜಿಪಿಯುವಿನ 132 ಲೆಕ್ಕದ ಘಟಕಗಳಲ್ಲಿ 20ನ್ನು ಸಂವಹನಕ್ಕೇ ಮೀಸಲಿಟ್ಟರು. ಕೂಡಾ ಭಾಷೆಗಿಂತ ಒಂದು ಮೆಟ್ಟಿಲು ಕೆಳಗಿನ ಪಿಟಿಎಕ್ಸ್ ಆದೇಶಗಳನ್ನು ಕೈಯಾರೆ ಹೊಸೆದರು. ಮಾಡೆಲ್‌ನ ವಿನ್ಯಾಸವನ್ನೇ ರಸ್ತೆಯ ಅಗಲಕ್ಕೆ ತಕ್ಕಂತೆ ಹೊಲಿದರು.

ಇದನ್ನು ಚೀನಾದ ಪವಾಡ ಎಂದು ಬಣ್ಣಿಸಿದವರು ಒಂದು ವಿಷಯ ಬಿಟ್ಟರು. ಇಷ್ಟೆಲ್ಲ ಮಾಡಿದವರೂ ಕೆಲಸ ಮಾಡಿದ್ದು ಎನ್‌ವಿಡಿಯಾದ ಡ್ರೈವರ್‌ಗಿಂತ ಮೇಲಿನ ಮಹಡಿಯಲ್ಲಿ, ಅದು ಬಿಟ್ಟುಕೊಟ್ಟ ಜಾಗದಲ್ಲಿ. ಅಡಿಪಾಯಕ್ಕೆ ಅವರ ಕೈಯೂ ಹೋಗಲಿಲ್ಲ. ಆದರೂ ಅಷ್ಟು ಆಳಕ್ಕೆ ಇಳಿಯಬಲ್ಲ ಜನ ಅವರ ಹತ್ತಿರ ಇದ್ದರು, ಇಳಿಯಲು ಬಿಡುವ ಸಂಸ್ಥೆಯೂ ಇತ್ತು. ಆ ಜನ ನಮ್ಮಲ್ಲಿಲ್ಲವೇ? ಬೆಂಗಳೂರಿನಲ್ಲೇ ಬೇಕಾದಷ್ಟು ಇದ್ದಾರೆ. ಅವರ ಕೆಲಸವೆಲ್ಲ ಸಹಿ ಹಾಕಿದ ಕರಾರಿನ ಒಳಗಿದೆ.

ನಮ್ಮ 38,000ದ ಒಳಗೇನಿದೆ?

ಇಂಡಿಯಾ ಎಐ ಮಿಷನ್‌ನ ಜಿಪಿಯುಗಳು ಸರ್ಕಾರದವಲ್ಲ. ಟೆಂಡರ್ ಗೆದ್ದ ಖಾಸಗಿ ಡೇಟಾ ಸೆಂಟರ್‌ಗಳವು. ಬಳಸುವವರ ಬಾಡಿಗೆಯಲ್ಲಿ 40 ಪ್ರತಿಶತದವರೆಗೆ ಸರ್ಕಾರ ಭರಿಸುತ್ತದೆ. ಪಟ್ಟಿಯಲ್ಲಿ ಎನ್‌ವಿಡಿಯಾ ಜೊತೆಗೆ ಎಎಂಡಿ, ಇಂಟೆಲ್, ಗೂಗಲ್, ಅಮೆಜಾನ್ ಚಿಪ್‌ಗಳೂ ಇವೆ. ಬೇರೆ ಬೇರೆ ಮನೆತನದ, ಬೇರೆ ಬೇರೆ ಬಸ್ಸಿನ ಚಿಪ್‌ಗಳು. ಇವನ್ನೆಲ್ಲ ಕೂಡಿಸಿ ಒಂದು ಸಂಖ್ಯೆ ಹೇಳುವುದು, ಎತ್ತಿನ ಗಾಡಿ, ಲಾರಿ, ಸ್ಕೂಟರ್ ಎಲ್ಲ ಸೇರಿಸಿ ಊರಲ್ಲಿ ಇಷ್ಟು ವಾಹನ ಇದೆ ಎಂದ ಹಾಗೆ.

ಬೆಂಗಳೂರಿನ ಸರ್ವಂ ಎಐ ಕಂಪನಿಯನ್ನು 2025ರ ಏಪ್ರಿಲ್‌ನಲ್ಲಿ ದೇಶದ 'ಸಾರ್ವಭೌಮ' ಭಾಷಾ ಮಾಡೆಲ್ ಕಟ್ಟಲು ಆಯ್ಕೆ ಮಾಡಿ, ಆರು ತಿಂಗಳಿಗೆ 4,096 ಎಚ್100 ಕೊಡುವುದಾಗಿ ಹೇಳಲಾಯಿತು. ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳ ಮಾಡೆಲ್ ಇಲ್ಲೇ ತಯಾರಾಗಲಿ, ಖಂಡಿತ ಬೇಕು. ಆದರೆ ಸಾರ್ವಭೌಮ ಎಂಬ ಪದ ಎಲ್ಲಿಯವರೆಗೆ ಇಳಿಯುತ್ತದೆ? ಡೇಟಾ ನಮ್ಮದು, ಎಂಜಿನಿಯರ್‌ಗಳು ನಮ್ಮವರು, ಕಟ್ಟಡ ನಮ್ಮದು. ಕರ್ನಲ್ ಮಾಡ್ಯೂಲ್‌ನ ಹತ್ತಿರ ಬರುವಷ್ಟರಲ್ಲಿ ಪದ ತೊದಲುತ್ತದೆ. ಫರ್ಮ್‌ವೇರ್‌ಗೆ ಬಂದರೆ ಅದರ ಉಸಿರೇ ನಿಲ್ಲುತ್ತದೆ.

ಇದು ಬರೀ ಸಿದ್ಧಾಂತದ ಭಯವಲ್ಲ. 2025ರ ಜನವರಿಯಲ್ಲಿ ಬೈಡನ್ ಸರ್ಕಾರ ಹೊರಡುವ ಮುನ್ನ ಪ್ರಕಟಿಸಿದ ನಿಯಮದಲ್ಲಿ ಭಾರತ ಮೊದಲ ಸಾಲಿನ 18 ಮಿತ್ರ ದೇಶಗಳಲ್ಲಿ ಇರಲಿಲ್ಲ. ಎರಡನೇ ಸಾಲಿನ ನಮ್ಮಂಥವರಿಗೆ ಸುಧಾರಿತ ಜಿಪಿಯುಗಳ ಮೇಲೆ ಮಿತಿ ಹೇರುವ ಯೋಚನೆ ಅದು. ಮೇ ತಿಂಗಳಲ್ಲಿ ಟ್ರಂಪ್ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ಇನ್ನೊಂದು ಮೇನಲ್ಲಿ ಇನ್ನೊಂದು ನಿಯಮ ಬರಬಹುದು.

ಮುಕ್ತ ಕೋಡ್ ಇದ್ದ ಮಾತ್ರಕ್ಕೆ ರಾಜಕೀಯ ಇಲ್ಲ ಎಂದು ನಾನು ಹೇಳಲಾರೆ. 2024ರ ಅಕ್ಟೋಬರ್‌ನಲ್ಲಿ ಲಿನಕ್ಸ್ ಕರ್ನಲ್‌ನ ಉಸ್ತುವಾರಿಗಳ ಪಟ್ಟಿಯಿಂದ ರಷ್ಯಾ ನಂಟಿನ ಹತ್ತಕ್ಕೂ ಹೆಚ್ಚು ಡೆವಲಪರ್‌ಗಳ ಹೆಸರನ್ನು ನಿರ್ಬಂಧದ ಕಾರಣಕ್ಕೆ ತೆಗೆದುಹಾಕಲಾಯಿತು. ವರ್ಷಗಟ್ಟಲೆ ಡ್ರೈವರ್‌ಗಳನ್ನು ಸಾಕಿಕೊಂಡು ಬಂದವರಿಗೆ ಒಂದು ಧನ್ಯವಾದವೂ ಇಲ್ಲದೆ. ಅದು ನನಗೆ ಇಂದಿಗೂ ಸರಿ ಅನಿಸಿಲ್ಲ. ಹಾಗಿದ್ದೂ ಒಂದು ವ್ಯತ್ಯಾಸ ಗಮನಿಸಿ: ಅವರು ಕಳೆದುಕೊಂಡದ್ದು ಕುರ್ಚಿಯನ್ನು, ಕೋಡ್‌ಅನ್ನಲ್ಲ. ಅವರು ಬರೆದ ಡ್ರೈವರ್‌ನ ಪ್ರತಿ ಸಾಲೂ ಇವತ್ತಿಗೂ ಅವರ ಕೈಗೆ ಸಿಗುತ್ತದೆ, ಬೇರೆ ಕಡೆ ಮುಂದುವರಿಸಬಹುದು. ಮುಚ್ಚಿದ ಬಸ್ಸಿನಲ್ಲಿ ಆ ಅವಕಾಶವೂ ಇರುವುದಿಲ್ಲ.

ಬೆಂಗಳೂರು ಒಮ್ಮೆ ಇದನ್ನು ಮಾಡಿತ್ತು

ಇಂಥ ಇಕ್ಕಟ್ಟು ನಮಗೆ ಹೊಸದಲ್ಲ. 1980ರ ದಶಕದಲ್ಲಿ ಅಮೆರಿಕದಿಂದ ಕ್ರೇ ಸೂಪರ್ ಕಂಪ್ಯೂಟರ್ ತರಿಸಲು ಭಾರತ ವರ್ಷಗಟ್ಟಲೆ ಅಂಗಲಾಚಬೇಕಾಯಿತು. ಕೊನೆಗೆ ಸಿಕ್ಕಿದ್ದು ಕೇಳಿದ್ದಕ್ಕಿಂತ ಸಣ್ಣ ಮಾದರಿ, ಅದೂ ಹವಾಮಾನ ಮುನ್ಸೂಚನೆಗೆ ಮಾತ್ರ. ಆ ಹೊತ್ತಿನಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ನಮ್ಮ ಎನ್‌ಎಎಲ್, 1986ರಲ್ಲಿ ಫ್ಲೋಸಾಲ್ವರ್ ಎಂಬ ಯಂತ್ರ ಕಟ್ಟಿತು. ಒಳಗಿದ್ದದ್ದು ಪೇಟೆಯಲ್ಲಿ ಯಾರಿಗೂ ಸಿಗುವ ಇಂಟೆಲ್ 8086 ಪ್ರೊಸೆಸರ್‌ಗಳು. ಅವನ್ನು ಜೋಡಿಸಿ, ವಿಮಾನದ ರೆಕ್ಕೆಯ ಸುತ್ತ ಗಾಳಿ ಹರಿಯುವ ಲೆಕ್ಕವನ್ನು ಒಟ್ಟಿಗೆ ಮಾಡಿಸಿದ್ದು ಇಲ್ಲಿಯವರ ಜಾಣ್ಮೆ. ಮುಂದಿನ ತಲೆಮಾರುಗಳಲ್ಲಿ ಪ್ರೊಸೆಸರ್‌ಗಳ ನಡುವೆ ಫ್ಲೋಸ್ವಿಚ್ ಎಂಬ ತಮ್ಮದೇ ಸ್ವಿಚ್ ಇಟ್ಟರು.

1988ರಲ್ಲಿ ಹುಟ್ಟಿದ ಸಿಡ್ಯಾಕ್ 1991ರಲ್ಲಿ ತಂದ ಪರಂ 8000ದ ಕತೆಯೂ ಇದೇ. ಅದರ ಚಿಪ್‌ಗಳು ಬ್ರಿಟನ್ನಿನ ಇನ್ಮಾಸ್ ಕಂಪನಿಯ ಟ್ರಾನ್ಸ್‌ಪ್ಯೂಟರ್‌ಗಳು. ಪ್ರತಿ ಚಿಪ್‌ಗೂ ನಾಲ್ಕು ಲಿಂಕ್. ಅವುಗಳನ್ನು ಹೇಗೆ ಹೆಣೆಯುವುದು, ಮೇಲೆ ಯಾವ ತಂತ್ರಾಂಶ ಓಡಿಸುವುದು ಎಂಬುದೇ ಸಾಧನೆ. ನಾವು ಶಾಲೆಯ ಸಾಮಾನ್ಯ ಜ್ಞಾನದಲ್ಲಿ ಓದಿ ಎದೆಯುಬ್ಬಿಸಿದ ಭಾರತದ ಸೂಪರ್ ಕಂಪ್ಯೂಟರ್‌ನ ಚಿಪ್ ನಮ್ಮದಾಗಿರಲಿಲ್ಲ. ನಮ್ಮದಾಗಿದ್ದದ್ದು ಅವುಗಳ ನಡುವಿನ ದಾರಿ. ಲಿಂಕ್‌ನ ನಿಯಮಗಳು ಕೈಗೆ ಸಿಗುವಂತಿದ್ದುದರಿಂದಲೇ ಅದು ಸಾಧ್ಯವಾಯಿತು.

ಇಂದು ನಾವು ಅದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಚಿಪ್ ಫ್ಯಾಬ್‌ಗೆ 76,000 ಕೋಟಿಯ ಸೆಮಿಕಂಡಕ್ಟರ್ ಮಿಷನ್ ಇದೆ, ದೇಶಿ ಜಿಪಿಯು ಮಾಡುವ ಮಾತಿದೆ. ಸಿಡ್ಯಾಕ್ ಇವತ್ತಿಗೂ ತ್ರಿನೇತ್ರ ಎಂಬ ಹೆಸರಿನಲ್ಲಿ ಸೂಪರ್ ಕಂಪ್ಯೂಟರ್ ನೋಡ್‌ಗಳ ನಡುವಿನ ದೇಶಿ ನೆಟ್‌ವರ್ಕ್ ಮೇಲೆ ಕೆಲಸ ಮಾಡುತ್ತಿದೆ. ಆದರೆ ಸುದ್ದಿಗೋಷ್ಠಿಗಳಲ್ಲಿ ತ್ರಿನೇತ್ರದ ಹೆಸರು ಎಷ್ಟು ಸಲ ಕೇಳಿದ್ದೀರಿ?

ಹಾಗಾದರೆ ಕೇಳಬೇಕಾದ್ದೇನು?

ಎನ್‌ವಿಡಿಯಾವನ್ನು ಬಹಿಷ್ಕರಿಸಿ ಅಂತ ನಾನು ಹೇಳುತ್ತಿಲ್ಲ. ಇವತ್ತಿನ ಸ್ಥಿತಿಯಲ್ಲಿ ಅದು ಮೂಗು ಕೊಯ್ದುಕೊಳ್ಳುವ ಕೆಲಸ. ನಮ್ಮದು ಸಣ್ಣ ಗಿರಾಕಿ, ಷರತ್ತು ಹಾಕಿದರೆ ಯಾರು ಕೇಳುತ್ತಾರೆ ಎಂಬ ವಾದದಲ್ಲೂ ಹುರುಳಿದೆ. ಆದರೂ ಸಾರ್ವಜನಿಕ ಹಣ ಹರಿಯುವ ಕಡೆ ಕೆಲವನ್ನು ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಮೊದಲನೆಯದು, ಲೆಕ್ಕ ಬಿಡಿಸಿ ಹೇಳಿ. 38,000ದಲ್ಲಿ ಎಷ್ಟು ಎನ್‌ವಿಲಿಂಕ್ ಇರುವ ಎಂಟರ ಗುಂಪಿನವು, ಎಷ್ಟು ಬರೀ ಪಿಸಿಐ ಕಾರ್ಡು? ಒಂದೇ ಕೆಲಸಕ್ಕೆ ಒಟ್ಟಿಗೆ ಸಿಗುವ ಅತಿ ದೊಡ್ಡ ಗುಂಪು ಎಷ್ಟರದ್ದು? ಇದನ್ನು ಪ್ರಕಟಿಸಲು ಹೊಸ ಕಾನೂನು ಬೇಡ.

ಎರಡನೆಯದು, ಟೆಂಡರಿನಲ್ಲಿ ಡ್ರೈವರ್‌ಗೆ ಅಂಕ ಕೊಡಿ. ದರ, ವೇಗ ನೋಡುವ ಹಾಗೆಯೇ, ಈ ಹಾರ್ಡ್‌ವೇರ್‌ನ ಡ್ರೈವರ್ ಲಿನಕ್ಸ್‌ನ ಮುಖ್ಯ ಕೋಡ್‌ನಲ್ಲಿದೆಯೇ ಎಂದು ಕೇಳಿ. ಇದ್ದವರಿಗೆ ಹೆಚ್ಚು ಅಂಕ. ಇಲ್ಲದವರು ಬಸ್ಸಿನ ದಾಖಲೆಯ ಒಂದು ಪ್ರತಿಯನ್ನು ಸಿಡ್ಯಾಕ್ ಅಥವಾ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಡಲಿ. ಕಂಪನಿ ಬೆಂಬಲ ನಿಲ್ಲಿಸಿದ ದಿನ ಅದು ತೆರೆಯಲಿ.

ಮೂರನೆಯದು, ದೇಶಿ ಜಿಪಿಯು ಮಾಡುವುದಾದರೆ ಬಸ್ ಮತ್ತು ಡ್ರೈವರ್‌ಅನ್ನು ಕೊನೆಯ ಅಧ್ಯಾಯ ಮಾಡಬೇಡಿ. ಎಎಂಡಿ, ಇಂಟೆಲ್, ಗೂಗಲ್, ಮೆಟಾ ಮುಂತಾದವರು ಸೇರಿ 2025ರ ಏಪ್ರಿಲ್‌ನಲ್ಲಿ ಯುಎಲಿಂಕ್ ಎಂಬ ಸಾಮಾನ್ಯ ರಸ್ತೆಯ ಮೊದಲ ಆವೃತ್ತಿ ಪ್ರಕಟಿಸಿದರು. ಮರು ತಿಂಗಳೇ ಎನ್‌ವಿಡಿಯಾ ತನ್ನ ಎಸ್ಟೇಟಿನ ಗೇಟನ್ನು ಆಯ್ದ ಪಾಲುದಾರರಿಗೆ ತೆರೆಯುವ ಎನ್‌ವಿಲಿಂಕ್ ಫ್ಯೂಷನ್ ಘೋಷಿಸಿತು. ನಾಳಿನ ರಸ್ತೆಯ ನಿಯಮ ಈಗ ಬರೆಯಲಾಗುತ್ತಿದೆ. ಆ ಮೇಜಿನ ಸುತ್ತ ನಮ್ಮ ಸಾರ್ವಜನಿಕ ಸಂಸ್ಥೆಗಳೂ ಕೂರಬೇಕು.

ನಾಲ್ಕನೆಯದು ನಮ್ಮ ಕಾಲೇಜುಗಳಿಗೆ. ಆಪರೇಟಿಂಗ್ ಸಿಸ್ಟಮ್ ಪತ್ರಿಕೆಯಲ್ಲಿ ನಾವು ಊಟಕ್ಕೆ ಕೂತ ತತ್ವಜ್ಞಾನಿಗಳ ಸಮಸ್ಯೆಯನ್ನು ಬಾಯಿಪಾಠ ಮಾಡಿ ಹತ್ತು ಅಂಕ ತೆಗೆದೆವು. ನಾಲ್ಕು ವರ್ಷದಲ್ಲಿ ಒಂದು ಸಣ್ಣ ಸೆನ್ಸರ್‌ಗೂ ಡ್ರೈವರ್ ಬರೆಯಲಿಲ್ಲ. ಅದಕ್ಕೆ ಎಚ್100 ಬೇಡ, ಸಣ್ಣದೊಂದು ಬೋರ್ಡು, ಒಂದು ಯುಎಸ್‌ಬಿ ಕೇಬಲ್, ಲಿನಕ್ಸ್ ಸಾಕು. ಬರೆದದ್ದನ್ನು ಜಗತ್ತಿನ ಮುಂದಿಟ್ಟು ಬೈಸಿಕೊಂಡು ತಿದ್ದುವ ಧೈರ್ಯ ಬೇಕು. ಕರ್ನಲ್‌ನಲ್ಲಿ ಕೆಲಸ ಮಾಡುವ ಭಾರತೀಯರು ಈಗಲೂ ಬಹಳಷ್ಟಿದ್ದಾರೆ, ಆದರೆ ಹೆಚ್ಚಿನವರ ಸಂಬಳ ಬರುವುದು ಯಾವುದೋ ಚಿಪ್ ಕಂಪನಿಯಿಂದ. ಮಿಷನ್‌ನ ಹಣದಲ್ಲಿ ಒಂದು ಚೂರನ್ನು ಸಾರ್ವಜನಿಕ ಹಿತಕ್ಕಾಗಿ ಡ್ರೈವರ್ ಬರೆಯುವ ಐವತ್ತು ಜನಕ್ಕೆ ಸಂಬಳವಾಗಿ ಕೊಟ್ಟರೆ, ಐದು ವರ್ಷದಲ್ಲಿ ಏನಾಗಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ.

ಆ '3 ಬರೆದು 10 ಮಿಲಿಸೆಕೆಂಡ್ ಕಾಯಿರಿ' ಈಗಲೂ ನೆನಪಾಗುತ್ತದೆ. ಬೋರ್ಡು ಕೆಲಸ ಮಾಡಿತು, ಬಾಸ್ ಬೆನ್ನು ತಟ್ಟಿದರು, ನನಗೆ ಬೋನಸ್ಸೂ ಬಂತು. ಏಕೆ 3 ಎಂದು ಮಾತ್ರ ಇವತ್ತಿಗೂ ಗೊತ್ತಿಲ್ಲ. ಒಬ್ಬ ಉದ್ಯೋಗಿ ಹಾಗೆ ಬದುಕಿಬಿಡಬಹುದು. 10,372 ಕೋಟಿ ಖರ್ಚು ಮಾಡುತ್ತಿರುವ ದೇಶ ಹಾಗೆ ಬದುಕಬಾರದು. ಮುಂದಿನ ಸಲ ಸಚಿವರೊಬ್ಬರು ಜಿಪಿಯು ಸಂಖ್ಯೆ ಹೇಳಿದಾಗ ಕೈಯೆತ್ತಿ ಕೇಳಿ: ಸ್ವಾಮಿ, ಇವು ಯಾವ ಬಸ್ಸಿನಲ್ಲಿ ಓಡಾಡುತ್ತವೆ, ಅದರ ಡ್ರೈವರ್ ಯಾರ ಮಾತು ಕೇಳುತ್ತಾನೆ?